ವರ್ಕಾಡಿಯಿಂದ ಸಂಗನಕಲ್ಲಿಗೆ

ಹೊಸಂಗಡಿಯಲ್ಲಿ ಹೆದ್ದಾರಿ ಬಿಟ್ಟು ಒಳನಾಡಿಗೆ ತಿರುಗಿದರೆ ವರ್ಕಾಡಿ ಸಿಗುತ್ತದೆ. ಕಾಸರಗೋಡು ಜಿಲ್ಲೆಯ ಈ ಗಡಿಯೂರಿನಲ್ಲಿ ಕಣಿವೆಗಿಳಿದರೆ ಅಡಿಕೆ ತೋಟ, ಗುಡ್ಡ ಹತ್ತಿದರೆ ಮುರಕಲ್ಲಿನ ಬಯಲು. ಮನೆಯ ಗೋಡೆ, ಬಾವಿಕಟ್ಟೆ, ತೋಟದ ಪಾಗಾರ ಎಲ್ಲಕ್ಕೂ ಈ ಕಲ್ಲೇ ಆಧಾರ. ಅದರ ಕೆಂಪು ಬಣ್ಣಕ್ಕೆ ಕಾರಣ ಅದರೊಳಗಿನ ಕಬ್ಬಿಣದ ಅಂಶ.

ಇದೇ ಜಿಲ್ಲೆಯ ದಕ್ಷಿಣದಲ್ಲಿ, ನೀಲೇಶ್ವರದ ಕಡೆಯ ಉಮಿಚಿಪೊಯಿಲ್‌ನಲ್ಲಿ, ಪ್ರಾಚೀನರು ಮುರಕಲ್ಲನ್ನು ಕೊರೆದು ಸಮಾಧಿ ಗುಹೆಗಳನ್ನು ಮಾಡಿದ್ದರು. ಬೃಹತ್ ಶಿಲಾ ಸಂಸ್ಕೃತಿಯ ಇಂಥ ಗೋರಿಗಳಲ್ಲಿ ಮಡಕೆಗಳೊಂದಿಗೆ ಕಬ್ಬಿಣದ ಉಪಕರಣಗಳೂ ದೊರೆಯುತ್ತವೆ. ಹಾಗಾದರೆ ಕಬ್ಬಿಣ ಬರುವ ಮೊದಲು ಜನರು ಮರ ಕಡಿದು ಹೊಲ ಮಾಡಿದ್ದು ಯಾವುದರಿಂದ? ಆ ಕಾಲದ ಕಾರ್ಖಾನೆಯನ್ನೇ ಕಣ್ಣಾರೆ ಕಾಣಬೇಕೆಂದರೆ ಘಟ್ಟ ಹತ್ತಿ ಬಳ್ಳಾರಿಗೆ ಹೋಗಬೇಕು.

ಬಳ್ಳಾರಿ ಪಟ್ಟಣದ ಸಮೀಪವೇ ಸಂಗನಕಲ್ಲು ಮತ್ತು ಕುಪ್ಪಗಲ್ಲು. ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ 1872ರಲ್ಲಿ ಈ ನೆಲೆಯನ್ನು ಗುರುತಿಸಿದರು. ಬಳಿಕ ಬಿ. ಸುಬ್ಬರಾವ್ ಉತ್ಖನನ ನಡೆಸಿದರು. ಈಚಿನ ದಶಕಗಳಲ್ಲಿ ಧಾರವಾಡದ ರವಿ ಕೋರಿಶೆಟ್ಟರ್ ಮತ್ತು ವಿದೇಶಿ ವಿದ್ವಾಂಸರು ಇಲ್ಲಿ ಮತ್ತಷ್ಟು ಶೋಧಿಸಿದರು. ಹುರುಳಿ, ಹೆಸರು, ಕೊರಲೆ ಬೆಳೆದು, ದನ ಸಾಕಿ ಬದುಕಿದ ಜನರ ನೆಲೆ ಇದು. ಇಂದಿಗೂ ನಮ್ಮ ಅಡಿಗೆಮನೆಯ ಡಬ್ಬಿಯಲ್ಲಿರುವ ಹುರುಳಿ, ಹೆಸರು ಅಷ್ಟು ಹಳೆಯವು!

ಇಲ್ಲಿನ ಹಿರೇಗುಡ್ಡದಲ್ಲಿ ಬಿಳಿಚು ಬಂಡೆಗಳ ನಡುವೆ ಗಟ್ಟಿಯಾದ ಕರಿಕಲ್ಲಿನ ಪಟ್ಟಿಯೊಂದು ಹಾದುಹೋಗಿದೆ. ಅದನ್ನು ಒಡೆದು, ಚಕ್ಕೆ ಎಬ್ಬಿಸಿ, ಕೊಡಲಿಯ ಆಕಾರಕ್ಕೆ ತಂದು, ಬಂಡೆಯ ಮೇಲೆ ತಿಕ್ಕಿ ನುಣುಪು ಮಾಡುತ್ತಿದ್ದರು. ತಿಕ್ಕಿ ತಿಕ್ಕಿ ಸವೆದ ಗುಳಿಗಳು ಈಗಲೂ ಕಾಣುತ್ತವೆ. ಚಕ್ಕೆಗಳ ರಾಶಿ, ಅರೆಬರೆಯಾಗಿ ಮುರಿದ ಕೊಡಲಿಗಳು ಅಲ್ಲಿಯೇ ಉಳಿದಿವೆ. ಕ್ರಿ.ಪೂ. 1400ರಿಂದ 1200ರ ಸುಮಾರಿಗೆ ಈ ಕೆಲಸ ಬಹಳ ಹೆಚ್ಚಿತು. ಒಂದು ಊರಿನ ಅಗತ್ಯವನ್ನು ಮೀರಿ ತಯಾರಾದ ಈ ಕೊಡಲಿಗಳು ವಿನಿಮಯಕ್ಕಾಗಿ ಹೊರಗೆ ಹೋಗುತ್ತಿದ್ದವೆಂದು ವಿದ್ವಾಂಸರ ಅಭಿಪ್ರಾಯ. ನಾಣ್ಯ ಹುಟ್ಟಿರಲಿಲ್ಲ, ಲೆಕ್ಕದ ಪುಸ್ತಕವಿರಲಿಲ್ಲ. ಆದರೆ ಒಳ್ಳೆಯ ಸರಕಿತ್ತು, ಕೊಡುಕೊಳ್ಳುವ ಜನರಿದ್ದರು. ವ್ಯಾಪಾರವನ್ನೇ ಕುಲವೃತ್ತಿಯಾಗಿಸಿಕೊಂಡ ನಮಗೆ ಇದಕ್ಕಿಂತ ಆಪ್ತವಾದ ಪ್ರಾಚೀನ ಸ್ಥಳ ಬೇರೆ ಯಾವುದಿದ್ದೀತು?

ಯುರೋಪಿನಲ್ಲಿಯೂ ಇದೇ ಕಥೆ. 1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ಸುಮಾರು 5,300 ವರ್ಷಗಳ ಹಿಂದಿನ ಮನುಷ್ಯನೊಬ್ಬನ ದೇಹ ದೊರೆಯಿತು. ಅವನ ಬಳಿ ತಾಮ್ರದ ಕೊಡಲಿಯಿತ್ತು. ಆ ತಾಮ್ರ ಬಹುದೂರದ, ಇಟಲಿಯ ಟಸ್ಕನಿ ಪ್ರಾಂತದ್ದೆಂದು 2017ರಲ್ಲಿ ತಿಳಿದುಬಂತು. ಲೋಹವೂ ಕೈಯಿಂದ ಕೈಗೆ ದಾಟಿ ಬಂದದ್ದೇ. ನಮ್ಮಲ್ಲಿ ತಾಮ್ರ ಕಡಿಮೆ. ಕಲ್ಲಿನ ಕೊಡಲಿಯೇ ಬಹುಕಾಲ ನಡೆಯಿತು. ಮುಂದೆ ಕಬ್ಬಿಣ ಬಂದಿತು. ಹಾವೇರಿ ಜಿಲ್ಲೆಯ ತುಂಗಭದ್ರಾ ತೀರದ ಹಳ್ಳೂರಿನಲ್ಲಿ 1965ರಲ್ಲಿ ಎಂ.ಎಸ್. ನಾಗರಾಜರಾವ್ ನಡೆಸಿದ ಉತ್ಖನನದಲ್ಲಿ ಸುಮಾರು 3,000 ವರ್ಷ ಹಳೆಯ ಕಬ್ಬಿಣ ಸಿಕ್ಕಿತು.

ಆದರೆ ಒಂದು ವಿಷಾದದ ಸಂಗತಿ. ಹಿಂದೆ ಕೊಡಲಿಗಾಗಿ ಕೈಯಿಂದ ಕಲ್ಲೊಡೆದ ಈ ಗುಡ್ಡಗಳಲ್ಲಿ ನಮ್ಮ ಕಾಲದ ಕಲ್ಲುಗಣಿಗಾರಿಕೆ ಪ್ರಾಚೀನ ಕುರುಹುಗಳನ್ನು ಕೆಲವೆಡೆ ನಾಶಮಾಡಿದೆ. ಮೂರು ಸಾವಿರ ವರ್ಷ ಮಳೆಬಿಸಿಲಿಗೆ ಜಗ್ಗದ್ದು ಒಂದು ದಿನದ ಸಿಡಿಮದ್ದಿಗೆ ಪುಡಿಯಾಗುತ್ತದೆ. ಕಾಸರಗೋಡಿನ ಮುರಕಲ್ಲಿನ ಬಯಲುಗಳನ್ನೂ ಈಗ ಯಂತ್ರಗಳೇ ಕೊಯ್ಯುತ್ತಿವೆ.

ಕಲ್ಲು ಕೊಳ್ಳಲೇಬಾರದೆಂದು ಹೇಳುವುದು ಆಗದ ಮಾತು. ಮನೆಗೂ ಅಂಗಡಿಗೂ ಬಸದಿಯ ಜೀರ್ಣೋದ್ಧಾರಕ್ಕೂ ಕಲ್ಲು ಬೇಕು. ಆದರೆ ಸರಕು ಎಲ್ಲಿಂದ ಬಂತೆಂದು ಕೇಳುವುದು ಒಳ್ಳೆಯ ವ್ಯಾಪಾರಿಯ ಲಕ್ಷಣ. ಕಲ್ಲಿಗೂ ಆ ಪ್ರಶ್ನೆ ಸಲ್ಲುತ್ತದೆ. ಅಡಿಪಾಯ ತೆಗೆಯುವಾಗ ಗುಹೆಯ ಬಾಯಿ, ಹಳೆಯ ಮಡಕೆ, ನಯವಾದ ಕಲ್ಲಿನ ಕೊಡಲಿ ಕಂಡರೆ ಕೆಲಸ ನಿಲ್ಲಿಸಿ ಗ್ರಾಮಾಧಿಕಾರಿಗಳಿಗೋ ಪುರಾತತ್ವ ಇಲಾಖೆಗೋ ತಿಳಿಸಬೇಕು. ರಜೆಯಲ್ಲಿ ಹಂಪಿಗೆ ಹೋಗುವ ಕುಟುಂಬಗಳು ಬಳ್ಳಾರಿಯಲ್ಲಿ ಅರ್ಧ ದಿನ ಇಳಿಯಲಿ. ಬ್ರೂಸ್ ಫೂಟ್ ಹೆಸರಿನ ವಸ್ತುಸಂಗ್ರಹಾಲಯ ಅಲ್ಲಿದೆ. ಮಕ್ಕಳು ಅಲ್ಲಿ ನೋಡುವ ಕಲ್ಲಿನ ಕೊಡಲಿಗಳ ಹಿಂದೆ ಒಬ್ಬ ಕುಶಲಿಗನ ದುಡಿಮೆಯೂ ಒಬ್ಬ ಗ್ರಾಹಕನ ನಂಬಿಕೆಯೂ ಇದ್ದವೆಂದು ಹಿರಿಯರು ಹೇಳಿಕೊಡಲಿ.