ದನಿ ಹೋದ ಹತ್ತು ದಿನ

"ಮೇಷ್ಟರ ಕೆಲಸದಲ್ಲಿ ಸ್ಫೂರ್ತಿ ಎಲ್ಲಿಂದ ಸಿಗುತ್ತದೆ, ಒಂದು ಲೇಖನ ಕಳಿಸಿ" ಅಂತ ಸಂಘದ ಸಂಪಾದಕ ಮಿತ್ರರು ಬರೆದಿದ್ದಾರೆ. ಓದಿ ನಗು ಬಂತು. ನಿಮ್ಮ ಹಾಗೆ ಕಾಲೇಜಿನ ಬೆಂಚಿನ ಮೇಲೆ ಕೂತಿದ್ದಾಗ ನಾನೂ ಸ್ಫೂರ್ತಿ ಅನ್ನೋದು ನಲ್ಲಿಯ ನೀರು, ತಿರುವಿದರೆ ಬರುತ್ತೆ ಅಂತ ತಿಳಿದಿದ್ದೆ. ನಾನೀಗ ಇರುವ ಹೈದರಾಬಾದಿನ ಮಿಯಾಪುರದ ಗಲ್ಲಿಯಲ್ಲಿ ನಲ್ಲಿಯ ನೀರೂ ಹಾಗೆ ಬರುವುದಿಲ್ಲ.

ಬೀದರ್, ಜಹೀರಾಬಾದ್ ಕಡೆಯಿಂದ ಹೆದ್ದಾರಿ ಹಿಡಿದು ಬರುವವರಿಗೆ ಮಿಯಾಪುರ ಮಹಾನಗರದ ಬಾಗಿಲು. 2017ರ ನವೆಂಬರಿನಲ್ಲಿ ಮೆಟ್ರೋ ರೈಲು ಹೊರಟದ್ದೂ ಇಲ್ಲಿಂದಲೇ. ಬೆಳಿಗ್ಗೆ ರಸ್ತೆ ದಾಟುವಾಗ ಕನ್ನಡ ಬೋರ್ಡಿನ ಬೀದರ್ ಬಸ್ಸು ಎದುರಾದರೆ ಆ ದಿನ ಶುಭ ಅಂತ ಒಂದು ಮೂಢನಂಬಿಕೆ ಇಟ್ಟುಕೊಂಡಿದ್ದೇನೆ. ಗಣಿತದ ಮೇಷ್ಟ್ರಿಗೆ ಇದು ಶೋಭಿಸುವುದಿಲ್ಲ, ಇರಲಿ.

ಆ ವರ್ಷ ಬಸ್ಸು ಎಷ್ಟು ಸಲ ಎದುರಾದರೂ ಶುಭ ಆಗಲಿಲ್ಲ. ದಿನಕ್ಕೆ ಏಳು ಪೀರಿಯಡ್ಡು, ಒಂದೊಂದು ತರಗತಿಯಲ್ಲಿ ಐವತ್ತರ ಮೇಲೆ ತಲೆ. ಫಲಿತಾಂಶ ನೂರಕ್ಕೆ ನೂರು ಬರಬೇಕು ಅನ್ನೋ ಮಾತು, ಫೀ ಕಟ್ಟದವರ ಪಟ್ಟಿ ಓದುವ ಕೆಲಸ, ರಾತ್ರಿ ಹತ್ತಕ್ಕೆ ಪೋಷಕರ ಫೋನು. ನಾನು ಕಲಿತ ಒಂದೇ ಉಪಾಯ ಕೂಗುವುದು. ಕೂಗಿ ಕೂಗಿ ಜನವರಿಯಲ್ಲಿ ಒಂದು ಸೋಮವಾರ ಬಾಯಿ ತೆರೆದರೆ ಬರೀ ಗಾಳಿ. ಡಾಕ್ಟರು ಗಂಟಲಿನೊಳಗೆ ಕನ್ನಡಿ ಇಟ್ಟು ನೋಡಿ, "ಹತ್ತು ದಿನ ಮಾತಾಡಬೇಡಿ. ಪಿಸುಮಾತೂ ಬೇಡ, ಅದೂ ತ್ರಾಸೇ" ಅಂದರು.

ರಜೆ ಉಳಿದಿರಲಿಲ್ಲ. ಕೇಳಿದರೆ ಸಂಬಳ ಹಿಡಿಯುತ್ತಾರೆ. ಆ ರಾತ್ರಿ ರಾಜೀನಾಮೆ ಪತ್ರ ಬರೆದು ಡೈರಿಯಲ್ಲಿ ಮಡಚಿಟ್ಟೆ. ಮಲಗಿದರೆ ನಿದ್ದೆ ಇಲ್ಲ. ಯಾಕೋ ಪಂಜೆ ಮಂಗೇಶರಾಯರ ನೆನಪು. 1937ರಲ್ಲಿ ಅವರು ಕಣ್ಣು ಮುಚ್ಚಿದ್ದು ಇದೇ ಹೈದರಾಬಾದಿನಲ್ಲಿ. ಅವರು ಮೇಷ್ಟರೂ ಆಗಿದ್ದರು, ಶಾಲಾ ಇನ್‌ಸ್ಪೆಕ್ಟರೂ ಆಗಿದ್ದರು. ಆದರೂ ಮಕ್ಕಳಿಗಾಗಿ ಹಾಡು, ಕಥೆ ಬರೆಯುವಷ್ಟು ಪ್ರಾಣ ಉಳಿಸಿಕೊಂಡಿದ್ದರು. ನಮ್ಮ ಇನ್‌ಸ್ಪೆಕ್ಷನ್ನುಗಳಲ್ಲಿ ಕಥೆ ಬರೆಯುವವರು ನಾವು ಮೇಷ್ಟರುಗಳೇ, ರಿಜಿಸ್ಟರಿನಲ್ಲಿ.

ಮರುದಿನ ಎಂಟನೆಯ ತರಗತಿಗೆ ಹೋದೆ. "ಗಂಟಲು ಕೆಟ್ಟಿದೆ, ಹತ್ತು ದಿನ ಮಾತಿಲ್ಲ" ಅಂತ ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ ಬರೆದೆ. ಗಲಾಟೆ ಏಳುತ್ತೆ ಅಂದುಕೊಂಡಿದ್ದೆ. ಏಳಲಿಲ್ಲ. ಸೀಮೆಸುಣ್ಣದ ಸದ್ದು ನನಗೇ ಕೇಳಿಸಿತು. ಎಷ್ಟೋ ವರ್ಷದಿಂದ ಕೇಳಿಸಿರಲಿಲ್ಲ.

ಅವತ್ತಿನ ಪಾಠ, ಎರಡು ಸಂಖ್ಯೆ ಕೂಡಿಸಿ ವರ್ಗ ಮಾಡುವುದು. ಹಿಂದಿನ ವಾರವಿಡೀ ಅದನ್ನೇ ಕೂಗಿದ್ದೆ, ಅರ್ಧ ತರಗತಿ ತಪ್ಪು ಮಾಡಿತ್ತು: ಹತ್ತರ ವರ್ಗ 100, ಮೂರರ ವರ್ಗ 9, ಆದ್ದರಿಂದ ಹದಿಮೂರರ ವರ್ಗ 109! ಮಾತಿಲ್ಲದವನು ಏನು ಮಾಡಬೇಕು? ಒಂದು ದೊಡ್ಡ ಚೌಕ ಬರೆದೆ. ಪ್ರತಿ ಬದಿಯನ್ನೂ ಹತ್ತು, ಮೂರು ಅಂತ ಒಡೆದು ಗೆರೆ ಎಳೆದೆ. ದೊಡ್ಡ ಮನೆಯಲ್ಲಿ 100, ಮೂಲೆಯ ಸಣ್ಣ ಮನೆಯಲ್ಲಿ 9 ಬರೆದೆ. ಉಳಿದ ಎರಡು ಉದ್ದನೆಯ ಮನೆ ಖಾಲಿ ಬಿಟ್ಟೆ. ಪಕ್ಕದಲ್ಲಿ 169 ಅಂತ ಬರೆದು ಸುಮ್ಮನೆ ನಿಂತೆ.

ಎಷ್ಟು ಹೊತ್ತು ನಿಂತೆನೋ. ಒಂದು ಪೀರಿಯಡ್ಡಿನಲ್ಲಿ ಮೌನ ಅಷ್ಟು ಉದ್ದ ಇರಬಹುದು ಅಂತ ನನಗೆ ಗೊತ್ತಿರಲಿಲ್ಲ.

ಕೊನೆಯ ಬೆಂಚಿನಿಂದ ಒಂದು ದನಿ: "ಅರವತ್ತು ಎಲ್ಲಿ ಹೋತ್ರೀ ಸರ?"

ಕನ್ನಡ! ಆ ಹುಡುಗ ಜೂನ್‌ನಿಂದ ಹಾಜರಿ ಬಿಟ್ಟು ಬೇರೆ ಮಾತಾಡಿದವನಲ್ಲ. ಮಖ್ತಲ್ ಕಡೆಯವರು, ಅಪ್ಪ ಇಲ್ಲಿ ಗಾರೆ ಕೆಲಸಕ್ಕೆ ಬಂದವರು ಅಂತ ಆಮೇಲೆ ತಿಳಿಯಿತು. ಮನೆಮಾತು ಬಾಯಿಗೆ ಜಾರಿಬಿಟ್ಟಿತ್ತು. ಇಡೀ ತರಗತಿ ಹೋ ಅಂತ ನಕ್ಕಿತು. ಆದರೆ ತೆಲುಗಿನ ಅರವೈಗೂ ನಮ್ಮ ಅರವತ್ತಕ್ಕೂ ಎಷ್ಟು ದೂರ? ನಕ್ಕವರಿಗೂ ಪ್ರಶ್ನೆ ಅರ್ಥವಾಗಿತ್ತು. ಮುಂದಿನ ಬೆಂಚಿನ ಹುಡುಗಿ ಎದ್ದು ಬಂದು ಖಾಲಿ ಮನೆಗಳಲ್ಲಿ 30, 30 ಬರೆದಳು. ನಾನು ಸಂಭ್ರಮದಲ್ಲಿ ಮರೆತು ಕನ್ನಡದಲ್ಲೇ "ಸರಿ" ಅಂತ ಬರೆದೆ. ಎಲ್ಲರೂ ಒಟ್ಟಿಗೆ ಓದಿದರು. ಒಂದೇ ಲಿಪಿಯಿಂದ ಕವಲೊಡೆದ ಅಕ್ಷರಗಳಲ್ಲವೇ. ತಲೆಕಟ್ಟು ಸ್ವಲ್ಪ ಬೇರೆ, ಅಷ್ಟೆ.

ಅಂದಿನಿಂದ ನಾನು ಬರೆದದ್ದನ್ನು ಓದಿ ಹೇಳುವ ಕೆಲಸ ಆ ಹುಡುಗನಿಗೆ ಬಿತ್ತು. ತಡವರಿಸುತ್ತಿದ್ದ. ನಾನು ತಿದ್ದುವ ಹಾಗಿರಲಿಲ್ಲ, ದನಿ ಇಲ್ಲ. ಕಾಯುತ್ತಿದ್ದೆ. ತಾನೇ ತಿದ್ದಿಕೊಳ್ಳುತ್ತಿದ್ದ. ಮಾತಿದ್ದಾಗ ನಾನು ಎಷ್ಟು ಜನರ ಬಾಯಿ ಮುಚ್ಚಿಸಿದ್ದೆನೋ ಅಂತ ರಾತ್ರಿ ಯೋಚನೆ ಬರುತ್ತಿತ್ತು. ಅದು ಹಿತವಾದ ಯೋಚನೆ ಅಲ್ಲ.

ಸಂಪಾದಕರೇ, ಇದು ಸ್ಫೂರ್ತಿಯೋ ಏನೋ ನನಗೆ ತಿಳಿಯದು. ಫೀ ಪಟ್ಟಿ, ಫೋನು, ನೂರಕ್ಕೆ ನೂರು ಎಲ್ಲಾ ಹಾಗೇ ಇವೆ. ಸಂಜೆ ಮನೆಗೆ ಬಂದರೆ ಕಾಲು ಹಾಗೇ ನೋಯುತ್ತವೆ.

ಹನ್ನೊಂದನೆಯ ದಿನ ದನಿ ಬಂತು, ಒಡೆದ ಮಡಕೆಯ ಹಾಗೆ. "ಗುಡ್ ಮಾರ್ನಿಂಗ್" ಅಂದೆ. ಮಕ್ಕಳು ಚಪ್ಪಾಳೆ ತಟ್ಟಿ, ಕೂಡಲೇ ಗಲಾಟೆಗೂ ಶುರುಮಾಡಿದರು. ಹುಡುಗ ಮಾತ್ರ ಬೋರ್ಡಿನ ಹತ್ತಿರ ಬಂದು, ಈ ಸಲ ಮೆಲ್ಲಗೆ, ಕನ್ನಡದಲ್ಲೇ ಕೇಳಿದ: "ಇನ್ನ ನಾ ಓದೂದು ಬ್ಯಾಡೇನ್ರೀ ಸರ?"

ಡೈರಿಯಿಂದ ರಾಜೀನಾಮೆ ಪತ್ರ ತೆಗೆದೆ. ಹಿಂಬದಿ ಖಾಲಿ ಇತ್ತು. ಯಾವ ದಿನ ಯಾರು ಓದಬೇಕು ಅಂತ ಅದರ ಮೇಲೆ ಪಟ್ಟಿ ಮಾಡಿದೆ. ಸೋಮವಾರ ಅವನದು.