ಆಲ್ಫ್ರೆಡ್ ವೆಬ್: ಅಡಿಟಿಪ್ಪಣಿಯಿಂದ ಅಧ್ಯಕ್ಷಪೀಠದವರೆಗೆ

ನನ್ನ ಪಿಎಚ್.ಡಿ. ಮಹಾಪ್ರಬಂಧದ ಎರಡನೆಯ ಅಧ್ಯಾಯದಲ್ಲಿ ಒಂದು ಅಡಿಟಿಪ್ಪಣಿಯಿದೆ. ಕನ್ನಡದ ಕವಿಚರಿತೆಗಳು ರೂಪುಗೊಂಡ ಹಿನ್ನೆಲೆಯನ್ನು ವಿವೇಚಿಸುವಾಗ, ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ಹೊರಬಂದ ಚರಿತ್ರಕೋಶಗಳ ಪಟ್ಟಿಯೊಂದನ್ನು ಅಲ್ಲಿ ಕೊಟ್ಟಿದ್ದೇನೆ. ಅದರಲ್ಲಿ ಒಂದು ಸಾಲು: 1878ರಲ್ಲಿ ಡಬ್ಲಿನ್ನಿನ ಮುದ್ರಕ ಆಲ್ಫ್ರೆಡ್ ವೆಬ್ ಐರ್ಲೆಂಡಿನ ಗಣ್ಯರ ಚರಿತ್ರಕೋಶವನ್ನು ಸಂಕಲಿಸಿದರು. ಮಾರ್ಗದರ್ಶಕರು ಆ ಸಾಲಿನ ಬಗ್ಗೆ ಏನನ್ನೂ ಕೇಳಲಿಲ್ಲ. ಮೌಖಿಕ ಪರೀಕ್ಷೆಯಲ್ಲಿಯೂ ಯಾರೂ ಕೇಳಲಿಲ್ಲ. ಪದವಿ ದೊರೆಯಿತು. ಪ್ರಬಂಧ ಕಪಾಟು ಸೇರಿತು.

ಹಲವು ವರ್ಷಗಳ ಮೇಲೆ, ನಮ್ಮ ಕಾಲೇಜಿನಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಸಿದ್ಧರಾಗುವ ವಿದ್ಯಾರ್ಥಿಗಳಿಗೆ ಸಂಜೆಯ ತರಗತಿಗಳನ್ನು ನಡೆಸುವಾಗ, ಇತಿಹಾಸದ ಅಧ್ಯಾಪಕರು ರಜೆಯ ಮೇಲಿದ್ದ ಒಂದು ದಿನ ನಾನು ಅವರ ಪಾಠವನ್ನು ವಹಿಸಿಕೊಳ್ಳಬೇಕಾಯಿತು. ಕಾಂಗ್ರೆಸ್ಸಿನ ಅಧ್ಯಕ್ಷರಾದ ವಿದೇಶೀಯರ ಪಟ್ಟಿಯನ್ನು ಕರಿಹಲಗೆಯ ಮೇಲೆ ಬರೆದೆ. 1888, ಅಲಹಾಬಾದ್, ಜಾರ್ಜ್ ಯೂಲ್. 1889, ಮುಂಬಯಿ, ವಿಲಿಯಂ ವೆಡ್ಡರ್‌ಬರ್ನ್. 1894, ಮದರಾಸು, ಆಲ್ಫ್ರೆಡ್ ವೆಬ್. ಹಿಂದಿನ ಸಾಲಿನಲ್ಲಿ ಕುಳಿತಿದ್ದ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತಳು. “ಸರ್, ಯೂಲ್ ಕಲ್ಕತ್ತದಲ್ಲಿ ವ್ಯಾಪಾರ ಮಾಡ್ತಿದ್ರು. ವೆಡ್ಡರ್‌ಬರ್ನ್ ಇಲ್ಲೇ ಸರ್ಕಾರಿ ನೌಕರಿಯಲ್ಲಿದ್ರು. ಈ ವೆಬ್‌ಗೂ ನಮ್ಮ ದೇಶಕ್ಕೂ ಏನು ಸಂಬಂಧ? ಅವರನ್ನು ಯಾಕೆ ಕರೆಸಿದ್ರು?”

ನನ್ನಲ್ಲಿ ಉತ್ತರವಿರಲಿಲ್ಲ. ಐರ್ಲೆಂಡಿನವರು ಎಂದಷ್ಟೇ ಹೇಳಿ, ಉಳಿದದ್ದನ್ನು ನಾಳೆ ತಿಳಿಸುತ್ತೇನೆಂದೆ. ಅಂದು ರಾತ್ರಿ ಹುಡುಕಲು ಕುಳಿತಾಗ, ಮದರಾಸಿನ ಅಧ್ಯಕ್ಷಪೀಠದಲ್ಲಿ ಕುಳಿತ ವೆಬ್ ಮತ್ತು ನನ್ನ ಅಡಿಟಿಪ್ಪಣಿಯ ವೆಬ್ ಒಬ್ಬರೇ ಎಂಬುದು ಗೊತ್ತಾಯಿತು. ನನ್ನ ಕಪಾಟಿನಲ್ಲಿ ಹದಿನೆಂಟು ವರ್ಷಗಳಿಂದ ಇದ್ದ ಹೆಸರು. ಸಾಹಿತ್ಯದವನಾದ ನಾನು ಮುದ್ರಕನನ್ನು ಬಲ್ಲೆ. ಇತಿಹಾಸದವರು ಅಧ್ಯಕ್ಷರನ್ನು ಬಲ್ಲರು. ಇಬ್ಬರೂ ಒಬ್ಬರೇ ಎಂದು ಕಾಣಲು ಆ ಹುಡುಗಿಯ ಪ್ರಶ್ನೆಯೇ ಬೇಕಾಯಿತು. ಆ ನಾಚಿಕೆಯಿಂದ ಹುಟ್ಟಿದ ಓದಿನ ಫಲ ಈ ಬರಹ.

ಆಲ್ಫ್ರೆಡ್ ವೆಬ್ ಹುಟ್ಟಿದ್ದು 1834ರಲ್ಲಿ, ಡಬ್ಲಿನ್ನಿನ ಕ್ವೇಕರ್ ಕುಟುಂಬವೊಂದರಲ್ಲಿ. ಯುದ್ಧವನ್ನೂ ಆಣೆಪ್ರಮಾಣವನ್ನೂ ನಿರಾಕರಿಸಿದ ಚಿಕ್ಕ ಕ್ರೈಸ್ತ ಸಮುದಾಯವದು. ತಂದೆ ರಿಚರ್ಡ್ ಡೇವಿಸ್ ವೆಬ್ ಗ್ರೇಟ್ ಬ್ರನ್ಸ್‌ವಿಕ್ ಬೀದಿಯಲ್ಲಿ ಅಚ್ಚುಕೂಟ ನಡೆಸುತ್ತಿದ್ದರು. ಅಮೆರಿಕದ ಗುಲಾಮಗಿರಿಯನ್ನು ವಿರೋಧಿಸಲು 1837ರಲ್ಲಿ ಡಬ್ಲಿನ್ನಿನಲ್ಲಿ ಸ್ಥಾಪನೆಯಾದ ಸಂಘದ ಸ್ಥಾಪಕರಲ್ಲಿ ಅವರೂ ಒಬ್ಬರು. ಅಮೆರಿಕದ ಚಳವಳಿಯ ಮುಂದಾಳು ವಿಲಿಯಂ ಲಾಯ್ಡ್ ಗ್ಯಾರಿಸನ್ನರ ಗೆಳೆಯರು. 1845ರಲ್ಲಿ, ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದಿದ್ದ ಫ್ರೆಡರಿಕ್ ಡಗ್ಲಸ್ ಡಬ್ಲಿನ್ನಿಗೆ ಬಂದು ವೆಬ್ಬರ ಮನೆಯಲ್ಲಿ ಉಳಿದರು. ಡಗ್ಲಸ್ಸರ ಆತ್ಮಕಥನದ ಐರಿಷ್ ಆವೃತ್ತಿ ಅಚ್ಚಾದುದು ಇದೇ ಅಚ್ಚುಕೂಟದಲ್ಲಿ. ಆಗ ಆಲ್ಫ್ರೆಡ್‌ಗೆ ಹನ್ನೊಂದು ವರ್ಷ. ಒಬ್ಬ ಮನುಷ್ಯನನ್ನು ಇನ್ನೊಬ್ಬ ಕೊಳ್ಳಬಹುದಾದ ಲೋಕವೊಂದಿದೆ ಎಂಬುದನ್ನು ಆ ಬಾಲಕ ಅರಿತದ್ದು ಪುಸ್ತಕದಿಂದ ಮಾತ್ರವಲ್ಲ, ಮನೆಗೆ ಬಂದ ಅತಿಥಿಯಿಂದ.

ಅದೇ 1845ರಲ್ಲಿ ಐರ್ಲೆಂಡಿನ ಆಲೂಗೆಡ್ಡೆ ಬೆಳೆಗೆ ರೋಗ ತಗುಲಿತು. ಮುಂದಿನ ವರ್ಷಗಳ ಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು. ಅದಕ್ಕಿಂತ ಹೆಚ್ಚು ಜನ ದೇಶ ಬಿಟ್ಟರು. ಕ್ವೇಕರರು ಪರಿಹಾರ ಸಮಿತಿ ರಚಿಸಿದಾಗ, ತಂದೆ ವೆಬ್ ಪಶ್ಚಿಮದ ಮೇಯೋ ಪ್ರಾಂತದ ಎರಿಸ್ ಎಂಬ ಕಡುಬಡತನದ ಸೀಮೆಗೆ ಹೋಗಿ ತಾವು ಕಂಡದ್ದನ್ನು ವರದಿ ಮಾಡಿದರು. ಈ ಭಾಗವನ್ನು ಓದುವಾಗ ನನಗೆ ನಮ್ಮ ಅಜ್ಜಿಯ ಮಾತು ನೆನಪಾಯಿತು. ಮಕ್ಕಳು ತಟ್ಟೆಯಲ್ಲಿ ಅನ್ನ ಬಿಟ್ಟರೆ ಅವರು “ಧಾತು ಈಶ್ವರದ ಬರ ಕಂಡಿದ್ರೆ ಗೊತ್ತಾಗ್ತಿತ್ತು” ಎನ್ನುತ್ತಿದ್ದರು. ಅವರೂ ಅದನ್ನು ಕಂಡವರಲ್ಲ, ಹಿರಿಯರಿಂದ ಕೇಳಿದವರು. 1876ರಿಂದ 1878ರವರೆಗಿನ ಆ ಬರ ಮೈಸೂರು ಸಂಸ್ಥಾನವನ್ನೂ ಮದರಾಸು ಪ್ರಾಂತವನ್ನೂ ಒಟ್ಟಿಗೆ ಹಿಂಡಿತು. 1871ರ ಜನಗಣತಿಯಲ್ಲಿ ಐವತ್ತು ಲಕ್ಷ ದಾಟಿದ್ದ ಮೈಸೂರಿನ ಜನಸಂಖ್ಯೆ 1881ರಲ್ಲಿ ನಲವತ್ತೆರಡು ಲಕ್ಷಕ್ಕೂ ಕೆಳಗಿಳಿದಿತ್ತು. ವೆಬ್ ಮದರಾಸಿಗೆ ಬಂದಾಗ ಆ ಬರ ಕಳೆದು ಹದಿನಾರೇ ವರ್ಷ. ಕ್ಷಾಮದ ನೆನಪಿರುವ ಒಂದು ನಾಡಿನವರು ಇನ್ನೊಂದು ಅಂಥದೇ ನಾಡಿಗೆ ಬಂದಿದ್ದರು.

ವೆಬ್ಬರ ರಾಜಕೀಯ ಜೀವನ ಆರಂಭವಾದ ಬಗೆಯೂ ಗಮನಾರ್ಹ. 1860ರ ದಶಕದಲ್ಲಿ ಸಶಸ್ತ್ರ ದಂಗೆಯ ಮೂಲಕ ಸ್ವಾತಂತ್ರ್ಯ ಪಡೆಯಬಯಸಿದ ಫೀನಿಯನ್ನರ ತ್ಯಾಗ ಅವರ ಮನಸ್ಸನ್ನು ಕಲಕಿತು. ಆದರೆ ಆಯುಧವನ್ನು ಅವರು ಒಪ್ಪಲಾರರು. ಫೀನಿಯನ್ನರ ನಿಷ್ಠೆಯನ್ನು ಗೌರವಿಸಿ, ಅವರ ಮಾರ್ಗವನ್ನು ಬಿಟ್ಟು, ಐಸಾಕ್ ಬಟ್ 1870ರಲ್ಲಿ ಆರಂಭಿಸಿದ ಹೋಂರೂಲ್ ಚಳವಳಿಯನ್ನು ಸೇರಿದರು. ಅಲ್ಲಿ ಅವರು ಸಭೆಗಳನ್ನು ಅಲುಗಾಡಿಸುವ ಭಾಷಣಕಾರರಾಗಲಿಲ್ಲ. ಕರಪತ್ರ ಅಚ್ಚುಮಾಡುವುದು, ಪತ್ರಿಕೆಗಳಿಗೆ ಬರೆಯುವುದು, ಖಜಾಂಚಿಯಾಗಿ ಲೆಕ್ಕ ನೋಡುವುದು ಅವರ ಪಾಲಿನ ಕೆಲಸ. ನಮ್ಮ ಊರಿನ ಸಾಹಿತ್ಯ ಬಳಗಕ್ಕೆ ಕೆಲವು ವರ್ಷ ನಾನು ಖಜಾಂಚಿಯಾಗಿದ್ದೆ. ಯಾರು ಎಷ್ಟು ಕೊಟ್ಟರು, ಎಷ್ಟು ಖರ್ಚಾಯಿತು ಎಂದು ಬರೆದಿಡುವ ಕೆಲಸಕ್ಕೆ ಚಪ್ಪಾಳೆ ಬೀಳುವುದಿಲ್ಲ; ತಪ್ಪಾದರೆ ಮಾತ್ರ ಎಲ್ಲರೂ ತಿರುಗಿ ನೋಡುತ್ತಾರೆ. ಪರಸ್ಪರ ಅನುಮಾನಿಸುವ ಬಣಗಳ ನಡುವೆ ಹಣದ ಪೆಟ್ಟಿಗೆಯನ್ನು ಒಬ್ಬರ ಕೈಗೆ ಕೊಡುತ್ತಾರೆಂದರೆ ಆ ವ್ಯಕ್ತಿಯ ನಡತೆಯ ಬಗ್ಗೆ ಎಲ್ಲರಿಗೂ ಭರವಸೆಯಿದೆಯೆಂದೇ ಅರ್ಥ.

ಈ ಕೆಲಸಗಳ ನಡುವೆಯೇ ಅವರ ಚರಿತ್ರಕೋಶ ಸಿದ್ಧವಾಯಿತು. ಬ್ರಿಟನ್ನಿನ ಪ್ರಸಿದ್ಧ ರಾಷ್ಟ್ರೀಯ ಚರಿತ್ರಕೋಶದ ಮೊದಲ ಸಂಪುಟ ಹೊರಬಂದದ್ದು 1885ರಲ್ಲಿ. ಅದಕ್ಕೆ ಏಳು ವರ್ಷ ಮೊದಲೇ ಒಬ್ಬ ಮುದ್ರಕ ಐರ್ಲೆಂಡಿನವರನ್ನೂ ಐರ್ಲೆಂಡಿನೊಡನೆ ಸಂಬಂಧವಿದ್ದವರನ್ನೂ ಅಕಾರಾದಿಯಾಗಿ ಕೂಡಿಸಿದ್ದರು. ತನಗೆ ಸ್ವಂತ ಚರಿತ್ರೆಯೇ ಇಲ್ಲವೆಂದು ಕೇಳಿಸಿಕೊಂಡ ನಾಡು ತನ್ನ ಹೆಸರುಗಳನ್ನು ತಾನೇ ಪಟ್ಟಿಮಾಡತೊಡಗುವುದು ರಾಜಕೀಯ ಕಾರ್ಯವೂ ಹೌದು. 1907ರಲ್ಲಿ ‘ಕರ್ಣಾಟಕ ಕವಿಚರಿತೆ’ಯ ಮೊದಲ ಸಂಪುಟ ಹೊರಬಂದಾಗ ಕನ್ನಡಕ್ಕೆ ಎಂಥ ಆತ್ಮವಿಶ್ವಾಸ ದೊರೆಯಿತೆಂಬುದನ್ನು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನನ್ನ ಮಹಾಪ್ರಬಂಧದಲ್ಲಿ ಬರೆಯಬೇಕಿದ್ದ ಮಾತು ಇದು. ಬರೆದದ್ದು ಒಂದು ಇಸವಿ, ಒಂದು ವೃತ್ತಿ.

1890ರ ಫೆಬ್ರವರಿಯಲ್ಲಿ, ಐವತ್ತಾರರ ಆಸುಪಾಸಿನಲ್ಲಿ, ವೆಬ್ ಪಶ್ಚಿಮ ವಾಟರ್‌ಫರ್ಡ್ ಕ್ಷೇತ್ರದಿಂದ ಪಾರ್ಲಿಮೆಂಟಿಗೆ ಆಯ್ಕೆಯಾದರು. ವರ್ಷ ಮುಗಿಯುವುದರೊಳಗೆ ಪಕ್ಷ ಒಡೆಯಿತು. ನಾಯಕ ಪಾರ್ನೆಲ್ಲರ ಹೆಸರು ವಿವಾಹ ವಿಚ್ಛೇದನ ಮೊಕದ್ದಮೆಯೊಂದರಲ್ಲಿ ಬಂದಾಗ, ಅವರು ನಾಯಕತ್ವ ಬಿಡಬೇಕೆಂದವರು ಒಂದು ಕಡೆ, ಬಿಡಬಾರದೆಂದವರು ಇನ್ನೊಂದು ಕಡೆ ನಿಂತರು. ವೆಬ್ ಪಾರ್ನೆಲ್ ವಿರೋಧಿ ಬಣ ಸೇರಿ, 1892ರಲ್ಲಿ ಆ ಬಣದ ಸದಸ್ಯರಾಗಿಯೇ ಮರು ಆಯ್ಕೆಯಾದರು. ಮರುವರ್ಷ ಗ್ಲಾಡ್‌ಸ್ಟನ್ನರ ಎರಡನೆಯ ಹೋಂರೂಲ್ ಮಸೂದೆ ಕಾಮನ್ಸ್ ಸಭೆಯಲ್ಲಿ ಗೆದ್ದು, ಪ್ರಭುಗಳ ಸಭೆಯಲ್ಲಿ 41ರ ವಿರುದ್ಧ 419 ಮತಗಳಿಂದ ಬಿದ್ದುಹೋಯಿತು.

ಈ ಸೋಲಿನ ದಿನಗಳಲ್ಲಿಯೇ ಭಾರತದೊಡನೆ ಸಂಬಂಧ ಗಟ್ಟಿಯಾಯಿತು. ದಾದಾಭಾಯಿ ನವರೋಜಿಯವರು 1892ರಲ್ಲಿ ಲಂಡನ್ನಿನ ಸೆಂಟ್ರಲ್ ಫಿನ್ಸ್‌ಬರಿ ಕ್ಷೇತ್ರದಿಂದ ಬೆರಳೆಣಿಕೆಯ ಮತಗಳ ಅಂತರದಲ್ಲಿ ಗೆದ್ದು ಕಾಮನ್ಸ್ ಸಭೆ ಪ್ರವೇಶಿಸಿದ್ದರು. ಭಾರತದ ವಿಷಯಗಳನ್ನು ಎತ್ತುವುದಕ್ಕಾಗಿ ರಚಿತವಾದ ಪಾರ್ಲಿಮೆಂಟರಿ ಸಮಿತಿಯಲ್ಲಿ ವೆಬ್ಬರೂ ಇದ್ದರು. ಸಿವಿಲ್ ಸರ್ವಿಸ್ ಪರೀಕ್ಷೆಯನ್ನು ಇಂಗ್ಲೆಂಡಿನಲ್ಲಿಯೂ ಭಾರತದಲ್ಲಿಯೂ ಏಕಕಾಲಕ್ಕೆ ನಡೆಸಬೇಕೆಂಬ ನಿರ್ಣಯ 1893ರ ಜೂನ್‌ನಲ್ಲಿ 84–76 ಮತಗಳಿಂದ ಅಂಗೀಕೃತವಾಯಿತು. ಸರ್ಕಾರ ಅದನ್ನು ಜಾರಿಗೆ ತರಲಿಲ್ಲ. ಆ ಡಿಸೆಂಬರಿನಲ್ಲಿ ಲಾಹೋರ್ ಅಧಿವೇಶನದ ಅಧ್ಯಕ್ಷರಾಗಿ ನವರೋಜಿಯವರು ಹೊತ್ತು ತಂದ ಸಂದೇಶಗಳಲ್ಲಿ ಮೈಕೆಲ್ ಡೇವಿಟ್ಟರದೂ ಒಂದು: ಐರ್ಲೆಂಡಿನ ಹೋಂರೂಲ್ ಸದಸ್ಯರೆಲ್ಲ ಭಾರತೀಯರ ಬೆನ್ನಿಗಿದ್ದಾರೆ ಎಂಬುದು ಅದರ ಸಾರ. ಮರುವರ್ಷ ಮದರಾಸಿನ ಹತ್ತನೆಯ ಅಧಿವೇಶನಕ್ಕೆ ವೆಬ್ ಅಧ್ಯಕ್ಷರಾದರು. ವಿದ್ಯಾರ್ಥಿನಿಯ ಪ್ರಶ್ನೆಗೆ ಮೊದಲ ಉತ್ತರ ಇಲ್ಲಿದೆ. ಅವರಿಗೆ ಭಾರತದಲ್ಲಿ ವ್ಯಾಪಾರವಿರಲಿಲ್ಲ, ನೌಕರಿಯಿರಲಿಲ್ಲ. ಅವರನ್ನು ಇಲ್ಲಿಗೆ ತಂದದ್ದು ಕಾಮನ್ಸ್ ಸಭೆಯಲ್ಲಿ ಬೆಳೆದ ಒಡನಾಟ.

ಎರಡನೆಯ ಉತ್ತರ ಅವರ ಅಧ್ಯಕ್ಷ ಭಾಷಣದಲ್ಲಿದೆ. ತಾವು ಗುಲಾಮಗಿರಿಯ ವಿರುದ್ಧದ ಹೋರಾಟದಲ್ಲಿ ಬೆಳೆದವರೆಂದು ಅಲ್ಲಿ ಹೇಳಿಕೊಂಡರು. ಗ್ಯಾರಿಸನ್ನರನ್ನೂ ಐರ್ಲೆಂಡಿನ ಡೇನಿಯಲ್ ಓ’ಕಾನೆಲ್ಲರನ್ನೂ ನೆನೆದರು. ಅಧೀನತೆಯ ಕಹಿಯನ್ನು ಸ್ವಂತ ನಾಡಿನಲ್ಲಿ ಉಂಡಿದ್ದೇನೆಂದರು. ದಬ್ಬಾಳಿಕೆ ಎಲ್ಲಿ ನಡೆದರೂ ಹೇಯ, ತಮ್ಮದೇ ಸರ್ಕಾರ ನಡೆಸಿದರೆ ಇನ್ನೂ ಹೇಯ, ಏಕೆಂದರೆ ಅದರಲ್ಲಿ ತಮಗೂ ಒಂದು ಪಾಲು ಹೊಣೆಯಿದೆ ಎಂಬುದು ಅವರ ವಾದ. ಆಳಿಸಿಕೊಂಡ ನಾಡಿನವರಾಗಿ ‘ನಾನೂ ನಿಮ್ಮಂತೆಯೇ ನೊಂದವನು’ ಎಂದಷ್ಟೇ ಹೇಳಿ ಅವರು ಚಪ್ಪಾಳೆ ಗಿಟ್ಟಿಸಬಹುದಿತ್ತು. ಆಳುವ ಪಾರ್ಲಿಮೆಂಟಿನಲ್ಲಿ ತಾವೂ ಕುಳಿತಿದ್ದೇವೆ ಎಂಬುದನ್ನು ಮರೆಯಲಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಲೆಕ್ಕದ ನಿಷ್ಠೆ. ಖಜಾಂಚಿ ತನ್ನ ಹೆಸರಿನ ಬಾಕಿಯನ್ನೂ ಪುಸ್ತಕದಲ್ಲಿ ತೋರಿಸಿದ್ದರು. ದಕ್ಷಿಣ ಆಫ್ರಿಕದ ಭಾರತೀಯರ ಮತದಾನದ ಹಕ್ಕನ್ನು ಕಸಿಯುವ ಮಸೂದೆಯನ್ನು ತಡೆಯಬೇಕೆಂದು ಕೋರುವ ನಿರ್ಣಯ ಅಂಗೀಕೃತವಾದದ್ದೂ ಇದೇ ಅಧಿವೇಶನದಲ್ಲಿ. ಅದೇ ಆಗಸ್ಟಿನಲ್ಲಿ ನಟಾಲ್ ಇಂಡಿಯನ್ ಕಾಂಗ್ರೆಸ್ಸನ್ನು ಕಟ್ಟಿದ್ದ ಗಾಂಧಿಯವರಿಗೆ ಆಗ ಇಪ್ಪತ್ತೈದು ವರ್ಷ.

ವೆಬ್ಬರನ್ನು ಇಡೀ ಐರ್ಲೆಂಡಿನ ಪ್ರತಿನಿಧಿಯೆಂದು ಹಿಗ್ಗಿಸಿ ಹೇಳಬಾರದು. 1872ರಲ್ಲಿ ಅಂಡಮಾನಿನಲ್ಲಿ ಕೊಲೆಯಾದ ವೈಸ್‌ರಾಯ್ ಮೇಯೋ ಐರ್ಲೆಂಡಿನವರು. ಅನಂತರದ ವೈಸ್‌ರಾಯ್‌ಗಳಾದ ಡಫರಿನ್ ಮತ್ತು ಲ್ಯಾನ್ಸ್‌ಡೌನ್ ಐರ್ಲೆಂಡಿನಲ್ಲಿ ಜಮೀನ್ದಾರರು. ಜಲಿಯನ್‌ವಾಲಾಬಾಗಿನ ಹತ್ಯಾಕಾಂಡವನ್ನು ಸಮರ್ಥಿಸಿದ ಪಂಜಾಬಿನ ಲೆಫ್ಟಿನೆಂಟ್ ಗವರ್ನರ್ ಮೈಕೆಲ್ ಓ’ಡ್ವಯರ್ ಟಿಪ್ಪರರಿಯವರು. ಒಂದೇ ದ್ವೀಪ ನಮಗೆ ಇಬ್ಬಗೆಯವರನ್ನೂ ಕಳುಹಿಸಿತು. ವೆಬ್ ಅಧ್ಯಕ್ಷತೆ ವಹಿಸಿದ ಕಾಂಗ್ರೆಸ್ಸೂ ಆಗಿನ್ನೂ ವಿದ್ಯಾವಂತರ, ಮನವಿಪತ್ರಗಳ ಕಾಂಗ್ರೆಸ್ಸೇ. ಬರದಲ್ಲಿ ಸತ್ತವರ ಮಕ್ಕಳು ಆ ಸಭೆಯಲ್ಲಿ ಪ್ರತಿನಿಧಿಗಳಾಗಿ ಕುಳಿತಿರಲಾರರು. ದುಃಖ ಸಮಾನವಾದ ಮಾತ್ರಕ್ಕೆ ನಿಲುವು ಸಮಾನವಾಗುವುದಿಲ್ಲ. ಪ್ರತಿಯೊಬ್ಬರೂ ಅದನ್ನು ಆರಿಸಿಕೊಳ್ಳಬೇಕಾಗುತ್ತದೆ. ವೆಬ್ ಆರಿಸಿಕೊಂಡರು ಎಂಬುದಷ್ಟೇ ಅವರ ಹಿರಿಮೆ.

1895ರಲ್ಲಿ ಅವರು ಪಾರ್ಲಿಮೆಂಟಿನ ಸದಸ್ಯತ್ವಕ್ಕೆ ರಾಜೀನಾಮೆ ಕೊಟ್ಟರು. ನವರೋಜಿಯವರು ಅದೇ ವರ್ಷದ ಚುನಾವಣೆಯಲ್ಲಿ ಸೋತರು. 1908ರಲ್ಲಿ ಶೆಟ್ಲೆಂಡ್ ದ್ವೀಪಗಳಲ್ಲಿ ವೆಬ್ ತೀರಿಕೊಂಡಾಗ ಐರ್ಲೆಂಡಿಗೆ ಹೋಂರೂಲ್ ಸಿಕ್ಕಿರಲಿಲ್ಲ. ಕೊನೆಯ ವರ್ಷಗಳಲ್ಲಿ ಬರೆದ ಆತ್ಮಕಥೆ ಹಸ್ತಪ್ರತಿಯಾಗಿಯೇ ಉಳಿದು, 1999ರಲ್ಲಿ ಅಚ್ಚಾಯಿತು. ಜೀವನವಿಡೀ ಬೇರೆಯವರ ಪುಸ್ತಕಗಳನ್ನು ಮುದ್ರಿಸಿದವರ ಸ್ವಂತ ಕಥೆ ಅಚ್ಚಿಗಾಗಿ ತೊಂಬತ್ತು ವರ್ಷ ಕಾಯಿತು. ಡಬ್ಲಿನ್ನಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅದರ ಪ್ರತಿಯನ್ನು ತಂದುಕೊಟ್ಟ.

ಸಂಶೋಧನೆಗೆ ತೊಡಗುವ ಕಿರಿಯರಿಗೆ ಹೇಳಬೇಕಾದದ್ದು ಇಷ್ಟೆ. ನಾವು ಹೆಸರು, ಇಸವಿ, ಕೃತಿಗಳನ್ನು ನಿಷ್ಠೆಯಿಂದ ಸಂಗ್ರಹಿಸುತ್ತೇವೆ. ಆ ಹೆಸರು ಯಾರ ಮನೆಯಲ್ಲಿ ಬೆಳೆಯಿತು, ಯಾರ ಪಕ್ಕದಲ್ಲಿ ಕುಳಿತಿತ್ತು, ಯಾರ ಲೆಕ್ಕ ಬರೆಯಿತು ಎಂದು ಕೇಳುವುದನ್ನು ಬಿಟ್ಟುಬಿಡುತ್ತೇವೆ. ಸಂಬಂಧಗಳನ್ನು ಕಳಚಿದರೆ ವೆಬ್ ನನ್ನ ಪ್ರಬಂಧದಲ್ಲಿ ಒಬ್ಬ ಮುದ್ರಕ, ಪರೀಕ್ಷೆಯ ಪುಸ್ತಕದಲ್ಲಿ ನಾಲ್ಕು ಆಯ್ಕೆಗಳಲ್ಲೊಂದು.

ಮಾತು ಕೊಟ್ಟಂತೆ ಮರುದಿನ ಉತ್ತರ ಹೇಳಲು ನನಗಾಗಲಿಲ್ಲ; ಒಂದು ತಿಂಗಳು ಹಿಡಿಯಿತು. ಆ ವಿದ್ಯಾರ್ಥಿನಿ ಸಹನೆಯಿಂದ ಎಲ್ಲವನ್ನೂ ಕೇಳಿ, “ಇದು ಪರೀಕ್ಷೆಗೆ ಬರೋದಿಲ್ಲ ಅಲ್ವಾ ಸರ್?” ಎಂದು ನಕ್ಕಳು; ಆದರೂ ಎಲ್ಲವನ್ನೂ ಬರೆದುಕೊಂಡಿದ್ದಳು. ಅಂದು ಸಂಜೆ ಕಪಾಟಿನಿಂದ ಮಹಾಪ್ರಬಂಧವನ್ನು ತೆಗೆದು, ಆ ಅಡಿಟಿಪ್ಪಣಿಯ ಪಕ್ಕದಲ್ಲಿ ಪೆನ್ಸಿಲ್ಲಿನಿಂದ ತಿದ್ದುಪಡಿ ಬರೆಯತೊಡಗಿದೆ. ಅಂಚಿನಲ್ಲಿ ಜಾಗ ಸಾಲಲಿಲ್ಲ. ಬೇರೊಂದು ಹಾಳೆಯಲ್ಲಿ ಬರೆದು ಅಂಟಿಸಬೇಕಾಯಿತು.