ಬೇಲೂರಿನ ಮುಂದೆ ನಿಂತ ಜೋಡಿಗಳು

ಒಂದು ಕಾಲಕ್ಕೆ ಹಾಸನ ಜಿಲ್ಲೆಯಲ್ಲಿ ಯಾರ ಮನೆಯ ಪಡಸಾಲೆಗೆ ಹೋಗಿ ಕೂತರೂ ಕಾಫಿ ಬರುವಷ್ಟರಲ್ಲಿ ಕಣ್ಣು ಆ ಫೋಟೊದ ಮೇಲೆ ಬೀಳುತ್ತಿತ್ತು. ದೇವರ ಪಟಗಳ ಸಾಲು ಮುಗಿದ ಮೇಲೆ, ತೀರಿಕೊಂಡ ಹಿರಿಯರ ಸಾಲು ಶುರುವಾಗುವ ಮೊದಲು, ಅದರ ಜಾಗ. ಹಿಂದೆ ಬೇಲೂರಿನ ಚೆನ್ನಕೇಶವ ದೇವಸ್ಥಾನ, ಮುಂದೆ ಹೊಸದಾಗಿ ಮದುವೆಯಾದ ಗಂಡು ಹೆಣ್ಣು. ಅವನ ಕೈಯಲ್ಲಿ ಮಾವ ಕೊಟ್ಟ ಎಚ್‌ಎಂಟಿ ವಾಚು, ಅದು ಕಾಣಲೆಂದೇ ಮೇಲಕ್ಕೆ ಮಡಿಸಿದ ತೋಳು. ಅವಳ ಮುಡಿಯಲ್ಲಿ ತಲೆಗಿಂತ ದೊಡ್ಡ ಕನಕಾಂಬರದ ದಂಡೆ. ಇಬ್ಬರ ನಡುವೆ ಮೂರನೆಯವರೊಬ್ಬರು ಧಾರಾಳವಾಗಿ ನಿಲ್ಲುವಷ್ಟು ಅಂತರ.

ಊಟಿಗೆ ಹೋಗುವವರು ಹೋಗುತ್ತಿದ್ದರು. ಅವರು ಕಾಫಿ ತೋಟದವರು, ದೊಡ್ಡ ಮಂಡಿಯವರು. ಮೇಷ್ಟ್ರು, ಗುಮಾಸ್ತರು, ನಾಲ್ಕು ಎಕರೆ ತೆಂಗಿನವರು ಹೊಸ ಹೆಂಡತಿಯನ್ನು ಕರೆದುಕೊಂಡು ಹೋಗುತ್ತಿದ್ದುದು ಬೇಲೂರು ಹಳೇಬೀಡಿಗೆ. ಬೆಳಿಗ್ಗೆ ಹೋಗಿ ರಾತ್ರಿ ಊಟಕ್ಕೆ ಮನೆಗೆ ಬರುವ ಪ್ರವಾಸ. ಜೊತೆಗೊಬ್ಬ ಮೈದುನನೋ ನಾದಿನಿಯ ಮಗನೋ ಖಂಡಿತ ಅಂಟಿಕೊಂಡಿರುತ್ತಿದ್ದ. ಅದಕ್ಕೆ ಯಾರೂ ಹನಿಮೂನ್ ಅನ್ನುತ್ತಿರಲಿಲ್ಲ, ‘ದೇವಸ್ಥಾನಕ್ಕೆ ಹೋಗಿ ಬಂದ್ರು’ ಅನ್ನುತ್ತಿದ್ದರು. ಆ ಪ್ರವಾಸ ಈಗ ಹೆಚ್ಚುಕಡಿಮೆ ನಿಂತೇಹೋಗಿದೆ. ನನಗೆ ಅದರ ಬಗ್ಗೆ ಸಂಕಟವಿದೆ, ಏಕೆಂದರೆ ನನ್ನ ಮುಖ ನನಗೇ ಒಗ್ಗಿದ್ದು ಆ ಒಂದು ದಿನದಿಂದ.

ನಾನು ಅರಸೀಕೆರೆಯವಳು. ಬಣ್ಣ ಕಪ್ಪು. ಸಂಬಂಧ ತರುವವರು ನಮ್ಮಪ್ಪನ ಮುಲಾಜಿಗೆ ‘ಎಣ್ಣೆಗೆಂಪು’ ಎಂದು ಹೇಳಿಕೊಂಡು ತಿರುಗುತ್ತಿದ್ದರು. ಬಂದ ಗಂಡುಗಳು ಎಣ್ಣೆಯನ್ನೂ ಕಂಡರು, ಕೆಂಪನ್ನು ಹುಡುಕಿ ಸುಸ್ತಾಗಿ ಉಪ್ಪಿಟ್ಟು ತಿಂದು ಹೋದರು. ಬೇಸತ್ತು ಬೆಂಗಳೂರಿಗೆ ಟೈಪಿಸ್ಟ್ ಕೆಲಸಕ್ಕೆ ಹೋದೆ. ಅಲ್ಲಿ ನಾಚಿಕೆಪಡಲು ಹೊಸದೊಂದು ಸಿಕ್ಕಿತು, ನನ್ನ ಮಾತು. ‘ಹೋಗೈತೆ’, ‘ಬಂದೈತೆ’ ಎಂದರೆ ಆಫೀಸಿನಲ್ಲಿ ತಿರುಗಿ ನೋಡುತ್ತಿದ್ದರು. ಮುಖಕ್ಕೆ ಪೌಡರು, ಮಾತಿಗೆ ಪಾಲಿಶು, ಎರಡನ್ನೂ ದಿನಾ ಹಚ್ಚಿಕೊಂಡು ಬಸ್ಸು ಹತ್ತುತ್ತಿದ್ದೆ. ಸಂಜೆಯ ಹೊತ್ತಿಗೆ ಎರಡೂ ಇಳಿದಿರುತ್ತಿದ್ದವು.

ಹಬ್ಬಕ್ಕೆಂದು ಊರಿಗೆ ಬಂದಾಗ ಅಜ್ಜಿಯ ಹತ್ತಿರ ಗೋಳಾಡಿದೆ. ನಮ್ಮೂರಿನಲ್ಲಿ ಎಲ್ಲದಕ್ಕೂ ಉಪಮೆ ಕೊಬ್ಬರಿಯೇ. “ಅಟ್ಟದ ಮೇಲಿನ ಕಾಯಿ ಕಣೆ ನೀನು. ಅವಸರ ಮಾಡಿ ಒಡುದ್ರೆ ನೀರೇ ಸಿಗೋದು. ಕೂತಿರ್ಲಿ ಬಿಡು, ಒಳಗೇ ಗುಡುಗುಡು ಅನ್ನತ್ತೆ,” ಅಂದಳು. ಉಂಡೆ ಕೊಬ್ಬರಿಯ ಕಥೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಸಿಪ್ಪೆಸಮೇತ ಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೆರಡು ತಿಂಗಳು ಬಿಟ್ಟರೆ ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟುಕೊಳ್ಳುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಸದ್ದಾಗುತ್ತದೆ. ತಿಪಟೂರು, ಅರಸೀಕೆರೆ ಸೀಮೆಯ ಹೆಸರು ನಿಂತಿರುವುದೇ ಈ ಕಾಯುವಿಕೆಯ ಮೇಲೆ. ಈಗ ಆ ಅಟ್ಟಗಳೂ ಬರಿದಾಗುತ್ತಿವೆ. ಎಳನೀರಿಗೇ ಗಿರಾಕಿ ತೋಟದ ಬಾಗಿಲಿಗೆ ಲಾರಿ ತರುವಾಗ ಒಂದು ವರ್ಷ ಯಾರು ಕಾಯುತ್ತಾರೆ? ಅದು ಬೇರೆಯದೇ ಗೋಳು, ಇನ್ನೊಮ್ಮೆ ಬರೆಯಬೇಕು.

ಆ ಹಬ್ಬದ ವಾರದಲ್ಲೇ ಹೊಳೆನರಸೀಪುರದ ಕಡೆಯ ಹೈಸ್ಕೂಲು ಮೇಷ್ಟ್ರೊಬ್ಬರು ನನ್ನನ್ನು ನೋಡಲು ಬರುವವರಿದ್ದರು. ಮೈಸೂರಿನಿಂದ ಹೊಳೆನರಸೀಪುರ, ಹಾಸನದ ಮೇಲೆ ಅರಸೀಕೆರೆಗೆ ಬರುವ ಮೀಟರ್‌ಗೇಜ್ ಪ್ಯಾಸೆಂಜರಿನಲ್ಲಿ. ಅದು ಮೊದಲ ಮಹಾಯುದ್ಧದ ಕಾಲದಲ್ಲಿ ಮೈಸೂರು ಸಂಸ್ಥಾನ ಹಾಕಿದ ಲೈನು. ರೈಲು ಬರುವ ಹೊತ್ತಾಯಿತು, ಬರಲಿಲ್ಲ. ಇನ್ನೊಂದು ಗಂಟೆ ಕಳೆಯಿತು, ಬರಲಿಲ್ಲ. ನಮ್ಮವ್ವ, “ಇವ್ರೂ ಬರಲ್ಲ ಬಿಡು,” ಎಂದು ಕೇಸರಿಬಾತನ್ನು ಪಕ್ಕದ ಮನೆಯ ಮಕ್ಕಳಿಗೆ ಹಂಚಿಬಿಟ್ಟಳು. ನಾನು ಮುಖ ತೊಳೆದುಕೊಂಡು, ಹಳೆ ಸೀರೆಯುಟ್ಟು, ಹಿತ್ತಲಲ್ಲಿ ಪಾತ್ರೆ ಬೆಳಗುತ್ತ ಕೂತೆ. ಆಗ ಬಂದರು. ತಪ್ಪು ಬಾಗಿಲಿಗೆ, ಹಿತ್ತಲಿಗೇ ಬಂದರು.

“ರೈಲು ಲೇಟಾಯ್ತು,” ಅಂದರು.

“ನಮ್ ರೈಲು ಯಾವತ್ತು ಟೈಮಿಗೆ ಬಂದೈತೆ?” ಅಂದೆ.

ಪೌಡರಿಲ್ಲ, ಪಾಲಿಶಿಲ್ಲ. ಅವರು ನಕ್ಕರು. ಮದುವೆ ಅಲ್ಲೇ ಗೊತ್ತಾಯಿತು ಎಂದು ಇವತ್ತಿಗೂ ವಾದಿಸುತ್ತಾರೆ. ನನ್ನ ಪ್ರಕಾರ ಗೊತ್ತಾಗಿದ್ದು ಅದರ ನಂತರ, ದೇವಸ್ಥಾನದಲ್ಲಿ.

ಚರಿತ್ರೆಯ ಮೇಷ್ಟ್ರು ನೋಡಿ, ಕಾಫಿ ಕುಡಿಯುತ್ತಲೇ, “ನಿಮ್ಮೂರಲ್ಲಿ ಒಂದು ಅಪರೂಪದ ಶಿವಾಲಯ ಇದೆಯಲ್ಲ, ನೋಡಬಹುದಾ?” ಎಂದು ಕೇಳಿದರು. ಮನೆಯವರು ಮುಖ ಮುಖ ನೋಡಿಕೊಂಡರು. ನಮ್ಮೂರಿನ ಈಶ್ವರ ದೇವಸ್ಥಾನ 1220ರ ಸುಮಾರಿನದು. ಅದರ ಮುಂದಿನ ಮಂಟಪ ಹದಿನಾರು ಮೂಲೆಗಳ ನಕ್ಷತ್ರದಂತಿದೆ, ಒಳಗೆ ತಲೆಯೆತ್ತಿದರೆ ಗುಮ್ಮಟದಂಥ ಛಾವಣಿ. ಹೊಯ್ಸಳರ ಕಟ್ಟಡಗಳಲ್ಲೇ ಅಂಥದ್ದು ಸಿಗುವುದು ಕಷ್ಟ. ನಮಗೆ ಮಾತ್ರ ಅದು ದನ ಕಾಯುವ ಹುಡುಗರು ಬಿಸಿಲಿಗೆ ಮಲಗುವ ಜಾಗ. ಬೇಲೂರಿಗೆ ಬಸ್ಸು ಹತ್ತುವ ಅರಸೀಕೆರೆಯವರು ಅದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ನನ್ನ ತಮ್ಮನನ್ನು ಕಾವಲಿಗೆ ಕೊಟ್ಟು ನಮ್ಮನ್ನು ಕಳಿಸಿದರು. ಮೇಷ್ಟ್ರು ಆ ಮಂಟಪದಲ್ಲಿ ಕತ್ತೆತ್ತಿಕೊಂಡು ಎಷ್ಟು ಹೊತ್ತು ನಿಂತರೆಂದರೆ ತಮ್ಮ ಬೇಜಾರಾಗಿ ಮನೆಗೆ ಓಡಿದ. ನಮ್ಮೂರನ್ನು ಯಾರಾದರೂ ಹಾಗೆ ನೋಡಿದ್ದನ್ನು ನಾನು ಕಂಡಿರಲಿಲ್ಲ. ಬೆಂಗಳೂರಿನ ಕೆಲಸ ಬಿಟ್ಟು ವಾಪಸ್ ಬರುತ್ತೇನೆ ಎಂದು ಮನಸ್ಸಿನಲ್ಲೇ ಅಂದುಕೊಂಡದ್ದು ಅಲ್ಲಿ. ಅವರಿಗೆ ಹೇಳಲಿಲ್ಲ, ಅಷ್ಟು ಬೇಗ ಬಿಟ್ಟುಕೊಡಬಾರದು.

ಮದುವೆಯಾದ ವಾರಕ್ಕೆ ನಮ್ಮ ಸರದಿಯೂ ಬಂತು. ಸರ್ಕಾರಿ ಬಸ್ಸಿನಲ್ಲಿ ಬಾಣಾವರ, ಜಾವಗಲ್ಲು, ಹಳೇಬೀಡು, ಅಲ್ಲಿಂದ ಹದಿನಾರು ಕಿಲೋಮೀಟರು ಬೇಲೂರು. ಅಂಟಿಕೊಂಡು ಬಂದವನು ಅದೇ ತಮ್ಮ. ಕಿಟಕಿ ಸೀಟು ಅವನಿಗೇ ಬೇಕು.

ಹಳೇಬೀಡಿನ ಹೊಯ್ಸಳೇಶ್ವರದಲ್ಲಿ ಹೊರಗೋಡೆಯ ಆನೆ, ಸಿಂಹ, ಕುದುರೆ ಸಾಲುಗಳನ್ನು ಎಲ್ಲರೂ ಬಾಯಿಬಿಟ್ಟು ನೋಡುತ್ತಾರೆ. ನನಗೆ ನೆನಪಿರುವುದು ಒಳಗಿನ ಕಂಬಗಳು. ಕಡೆದು ನುಣುಪು ಮಾಡಿದ ಆ ಕರಿಯ ಕಂಬಗಳಲ್ಲಿ ಮುಖ ಕಾಣುತ್ತದೆ. ಗೈಡು ನಮ್ಮಿಬ್ಬರನ್ನೂ ಎದುರಿಗೆ ನಿಲ್ಲಿಸಿದ. ನಮ್ಮ ಯಜಮಾನರದು ಗೋಧಿ ಬಣ್ಣ. ಕಲ್ಲಿನಲ್ಲಿ ಅವರೂ ನನ್ನಷ್ಟೇ ಕಪ್ಪಗೆ, ನನ್ನಷ್ಟೇ ಡೊಂಕಾಗಿ ಕಂಡರು. ತಮ್ಮ ಜೋರಾಗಿ ನಕ್ಕ, ನಾನೂ ನಕ್ಕೆ. ಆಮೇಲೆ ಅವರೇ ವಿವರಿಸಿದರು: ಇದು ಬಳಪದ ಕಲ್ಲು, ಗಣಿಯಿಂದ ತೆಗೆದಾಗ ಮೆತ್ತಗೆ, ಉಳಿ ಹೇಳಿದಂತೆ ಕೇಳುತ್ತದೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತ ಹೋಗುತ್ತದೆ. ಹೊಯ್ಸಳರು ಇದನ್ನು ಆರಿಸಿಕೊಂಡದ್ದರಿಂದಲೇ ಸರದ ಒಂದೊಂದು ಮಣಿಯನ್ನೂ ಕೆತ್ತಲು ಆಯಿತು. ಇಡೀ ರಾಜ್ಯವೇ ಕರಿಕಲ್ಲನ್ನು ಚೆಲುವಿಗೆಂದು ಹುಡುಕಿ ತಂದ ಸೀಮೆಯಲ್ಲಿ ಹುಟ್ಟಿ, ನಾವು ಹೆಣ್ಣುಮಕ್ಕಳ ಮುಖಕ್ಕೆ ಸುಣ್ಣ ಬಳಿಯುತ್ತೇವಲ್ಲ ಅನ್ನಿಸಿತು.

ಬೇಲೂರು ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿದ ದೇವಸ್ಥಾನ. ಮದನಿಕೆಯರು ಹೊರಗೆ 38, ಒಳಗೆ 4. (2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೊ ಪಟ್ಟಿ ಸೇರಿದಾಗ ಅವು ಭಾರತದ 42ನೇ ತಾಣವಾದವು. ಲೆಕ್ಕ ಸರಿಹೋಯಿತು ಎಂದು ನಮ್ಮ ಮನೆಯಲ್ಲಿ ಪಾಯಸ ಮಾಡಿದ್ದೆವು.) ದರ್ಪಣ ಸುಂದರಿಯ ಕೆಳಗೆ ಗೈಡುಗಳು ಹೊಸ ಜೋಡಿಗಳಿಗೆಂದೇ ಇಟ್ಟುಕೊಂಡ ಜೋಕೊಂದಿತ್ತು: “ಒಂಬೈನೂರು ವರ್ಷದಿಂದ ಕನ್ನಡಿ ನೋಡ್ತಾ ಇದಾಳೆ ಸಾರ್, ಇನ್ನೂ ರೆಡಿಯಾಗಿಲ್ಲ. ನಿಮ್ಮ ಮೇಡಮ್ಮೇ ವಾಸಿ.” ಗಂಡಂದಿರು ನಗಬೇಕು, ಹೆಂಡಂದಿರು ಹುಸಿಮುನಿಸು ತೋರಬೇಕು, ಗೈಡಿಗೆ ಇನ್ನೆರಡು ರೂಪಾಯಿ ಸಿಗಬೇಕು. ಮೇಷ್ಟ್ರು ಜೋಕಿಗೆ ನಗದೆ, ಈ ಮದನಿಕೆಯರ ಕೆಳಗೆ ಶಿಲ್ಪಿಗಳ ಹೆಸರಿದೆ, ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಎಂದು ಪಾಠ ಶುರು ಮಾಡಿದರು.

“ಜಕಣಾಚಾರಿ ಅಲ್ವಾ?” ಅಂದೆ. 1964ರಲ್ಲಿ ಬಿ.ಎಸ್. ರಂಗಾ ತೆಗೆದ ‘ಅಮರಶಿಲ್ಪಿ ಜಕಣಾಚಾರಿ’ ಕನ್ನಡದ ಮೊದಲ ಬಣ್ಣದ ಸಿನಿಮಾ. ಕಲ್ಯಾಣ್‌ಕುಮಾರರನ್ನು ಬಿಟ್ಟು ಬೇರೆ ಶಿಲ್ಪಿಯನ್ನು ನಾವು ಒಪ್ಪುವವರಲ್ಲ. ಶಾಸನಗಳಲ್ಲಿ ಜಕಣಾಚಾರಿಯ ಗುರುತು ಸಿಗುವುದಿಲ್ಲ ಎಂದರು ಮೇಷ್ಟ್ರು. ಇಲ್ಲದಿದ್ದರೂ ಚಿಂತೆಯಿಲ್ಲ, ಕಥೆ ನಮ್ಮದು. ಹೆಂಡತಿಯನ್ನು ಬಿಟ್ಟು ಕಲ್ಲಿನ ಹಿಂದೆ ಊರೂರು ಅಲೆದವನು. ಬೇಲೂರಿನಲ್ಲಿ, ಮಗನೆಂದು ಗೊತ್ತಿಲ್ಲದ ಡಂಕಣ ಎಂಬ ಹುಡುಗ ಅವನ ವಿಗ್ರಹದಲ್ಲಿ ದೋಷ ತೋರಿಸಿ, ಕಲ್ಲೊಳಗಿಂದ ಕಪ್ಪೆ ಹೊರಬಂತು. ಅವಮಾನದಿಂದ ಬಲಗೈ ಕಡಿದುಕೊಂಡ ಆ ಮಹಾಶಿಲ್ಪಿಗೆ ಕೈ ಮರಳಿ ಬಂದದ್ದು ಎಲ್ಲಿ? ಬೇಲೂರಿನಲ್ಲಲ್ಲ, ಹಳೇಬೀಡಿನಲ್ಲಲ್ಲ. ತುಮಕೂರಿನ ಹತ್ತಿರ, ತಾನು ಬಿಟ್ಟುಹೋಗಿದ್ದ ಸ್ವಂತ ಊರಿಗೆ ಹಿಂತಿರುಗಿ, ಅಲ್ಲೊಂದು ಚೆನ್ನಕೇಶವನ ಗುಡಿ ಕಟ್ಟಿದಾಗ. ಆ ಊರು ಕೈದಾಳ. ಬೆಂಗಳೂರಿಗೆ ಹೋಗಿ ಬಂದ ನಮ್ಮಂಥವರೆಲ್ಲ ಈ ಕಥೆಯನ್ನು ಸ್ವಂತದ್ದೆಂದು ಹೇಳಿಕೊಳ್ಳಬಹುದು, ಚಾವಣ ಬೇಜಾರು ಮಾಡಿಕೊಳ್ಳುವುದಿಲ್ಲ.

ಫೋಟೊಗೆ ಬರುತ್ತೇನೆ. ಅಂಗಳದಲ್ಲಿ ಕೊರಳಿಗೆ ಯಾಶಿಕಾ ಕ್ಯಾಮೆರಾ ತೂಗುಹಾಕಿಕೊಂಡ ಫೋಟೊಗ್ರಾಫರುಗಳು ಓಡಾಡುತ್ತಿದ್ದರು. ಎದೆಯ ಮಟ್ಟಕ್ಕೆ ಹಿಡಿದು, ತಲೆ ಬಗ್ಗಿಸಿ ಮೇಲಿನ ಗಾಜಿನಲ್ಲಿ ನೋಡಿ ತೆಗೆಯುವ ಕ್ಯಾಮೆರಾ. ಒಂದು ರೋಲಿಗೆ ಹನ್ನೆರಡೇ ಚಿತ್ರ. ಹಾಗಾಗಿ ಒಂದು ಜೋಡಿಗೆ ಒಂದೇ ಕ್ಲಿಕ್ಕು. ‘ಇನ್ನೊಂದು ತೆಗೀರಿ’ ಎಂದರೆ ಇನ್ನೊಂದರ ದುಡ್ಡು. ಚೀಟಿಯಲ್ಲಿ ವಿಳಾಸ ಬರೆದುಕೊಂಡು ಮುಂಗಡ ಇಸ್ಕೊಂಡರೆ ಪ್ರಿಂಟು ಪೋಸ್ಟಿನಲ್ಲಿ ಬರುತ್ತಿತ್ತು. ಬರುವವರೆಗೆ ನಿಮ್ಮ ಮುಖ ಹೇಗೆ ಬಂದಿದೆ ಎಂಬುದು ನಿಮಗೂ ಗೊತ್ತಿಲ್ಲ, ಅವನಿಗೂ ಗೊತ್ತಿಲ್ಲ.

ನಮ್ಮದು ಬಂತು. ಬಿಸಿಲಿಗೆ ನನ್ನ ಒಂದು ಕಣ್ಣು ಮುಚ್ಚಿದೆ, ಉಬ್ಬುಹಲ್ಲು ಪೂರ್ತಿ ಕಾಣುವಂತೆ ನಗುತ್ತಿದ್ದೇನೆ. ಯಜಮಾನರು ಕ್ಯಾಮೆರಾ ಬಿಟ್ಟು ಮೇಲಕ್ಕೆ ನೋಡುತ್ತಿದ್ದಾರೆ, ಮದನಿಕೆಯ ಕಡೆಗೆ. ಮದುವೆಯಾದ ವಾರಕ್ಕೇ ಬೇರೆ ಹೆಂಗಸನ್ನು ನೋಡಿದವರು ಎಂದು ಇಷ್ಟು ವರ್ಷವೂ ಅವರನ್ನು ಕಾಡಿಸಿದ್ದೇನೆ. ಅಂಚಿನಲ್ಲಿ ತಮ್ಮನ ಒಂದು ಮೊಣಕೈ. ನನಗೆ ಅಳುವೇ ಬಂತು, ಹರಿದು ಹಾಕೋಣ ಅಂದೆ. ಅವರು ಬಿಡಲಿಲ್ಲ, ಕಟ್ಟು ಹಾಕಿಸಿ ಮೊಳೆ ಹೊಡೆದೇಬಿಟ್ಟರು. ಬಂದವರೆಲ್ಲ ನೋಡಿದರು, ಯಾರೂ ಓಡಿಹೋಗಲಿಲ್ಲ. ವರ್ಷ ಕಳೆಯುತ್ತ ಆ ಹಲ್ಲು, ಆ ಕಣ್ಣು, ಆ ಬಣ್ಣ ನನಗೆ ರೂಢಿಯಾದವು. ಆಮೇಲೆ ಯಾವಾಗಲೋ ಇಷ್ಟವೂ ಆದವು. ಬದಲಿಸಲು ಇನ್ನೊಂದು ಇರಲಿಲ್ಲವಲ್ಲ.

ಈಗ ಮೀಟರ್‌ಗೇಜ್ ಇಲ್ಲ, ತೊಂಬತ್ತರ ದಶಕದಲ್ಲಿ ಬ್ರಾಡ್‌ಗೇಜ್ ಆಯಿತು. ಯಾಶಿಕಾದವರೂ ಇಲ್ಲ, ಅವರ ರೋಲು ತೊಳೆಯುತ್ತಿದ್ದ ಸ್ಟುಡಿಯೊಗಳಲ್ಲಿ ಮೊಬೈಲ್ ರೀಚಾರ್ಜ್, ಜೆರಾಕ್ಸ್. ಹೊಸ ಜೋಡಿಗಳು ಮದುವೆಗೆ ಮೊದಲೇ ಡ್ರೋನ್ ಹಾರಿಸಿ, ರೆಸಾರ್ಟಿನಲ್ಲಿ ಗೌನು ಹಾಕಿಕೊಂಡು ಶೂಟಿಂಗ್ ಮುಗಿಸಿರುತ್ತಾರೆ. ಬೇಲೂರಿಗೆ ಬಂದರೂ ಕಾರಿನಲ್ಲಿ ಬಂದು, ಸಕಲೇಶಪುರದ ಹೋಮ್‌ಸ್ಟೇಗೆ ಹೋಗುವ ದಾರಿಯಲ್ಲಿ ಗಂಟೆಯೊಂದು ಇಳಿದು ಹೋಗುತ್ತಾರೆ. ಅವರ ಸುಖಕ್ಕೆ ನನಗೇನೂ ಹೊಟ್ಟೆಯುರಿಯಿಲ್ಲ. ನಡುವಿನ ಅಂತರವಂತೂ ಹೋಯಿತು, ಒಳ್ಳೆಯದೇ ಆಯಿತು. ಆದರೆ ನೂರು ತೆಗೆದು ತೊಂಬತ್ತೊಂಬತ್ತನ್ನು ಅಳಿಸುವವರಿಗೆ ತಮ್ಮ ಮುಖದ ಜೊತೆ ರಾಜಿಯಾಗುವ ಅವಕಾಶವೇ ಸಿಗುವುದಿಲ್ಲ. ನನ್ನ ಮಗಳು ಕಳೆದ ಯುಗಾದಿಗೆ ಬಂದಾಗ ಫೋನಿನಲ್ಲಿ ನನ್ನದೊಂದು ಫೋಟೊ ತೆಗೆದು ತೋರಿಸಿದಳು. ಅದರಲ್ಲಿ ನಾನು ಬೆಳ್ಳಗಿದ್ದೆ, ಕೆನ್ನೆ ನಯವಾಗಿತ್ತು. “ಯಾರೇ ಇವಳು?” ಅಂದೆ. “ಅದೇ ಮಾಡ್ಕೊಳತ್ತಮ್ಮ, ನಾನೇನೂ ಮಾಡಿಲ್ಲ,” ಅಂದಳು. ಬಂದ ಗಂಡುಗಳನ್ನು ಮೆಚ್ಚಿಸಲು ನನ್ನ ಕೈಲಾಗದ ಕೆಲಸವನ್ನು ಆ ಫೋನು ಕೇಳದೆಯೇ ಮಾಡಿತ್ತು, ಮೂವತ್ತೈದು ವರ್ಷ ತಡವಾಗಿ.

ಬೇಲೂರಿನ ಅಂಗಳದಲ್ಲಿ ಇಂದಿಗೂ ಎಲ್ಲೋ ಒಬ್ಬಿಬ್ಬರು, ಕೊರಳಿಗೆ ಡಿಜಿಟಲ್ ಕ್ಯಾಮೆರಾ ಹಾಕಿಕೊಂಡು, “ಫೋಟೊ ಸಾರ್?” ಎಂದು ಹಿಂದೆ ಬರುವುದುಂಟು. ‘ಬೇಡಪ್ಪ, ಫೋನಿದೆ’ ಅನ್ನಬೇಡಿ. ಅವರು ನಿಲ್ಲಿಸಿದ ಕಡೆ ನಿಂತು, ಒಂದೇ ಒಂದು ತೆಗೆಸಿಕೊಳ್ಳಿ. ಹೇಗೆ ಬಂದಿದೆ ಎಂದು ಇಣುಕಿ ನೋಡದೆ ದುಡ್ಡು ಕೊಟ್ಟು ಪ್ರಿಂಟು ತೆಗೆದುಕೊಳ್ಳಿ. ಹಾಗೇ, ಅರಸೀಕೆರೆಯ ಮೇಲೆ ಬರುವವರು ಬಸ್ಸು ಬದಲಿಸುವ ಮೊದಲು ನಮ್ಮ ಶಿವಾಲಯಕ್ಕೂ ಒಂದು ಗಳಿಗೆ ಬನ್ನಿ. ಆ ಮಂಟಪದಲ್ಲಿ ತಲೆಯೆತ್ತಿ ನಿಲ್ಲಲು ಟಿಕೆಟ್ಟೂ ಇಲ್ಲ, ನೂಕುನುಗ್ಗಲೂ ಇಲ್ಲ.